ಮರ್ಕ್ರೂಸರ್ ಟಿಆರ್‌ಎಸ್ ಡ್ರೈವ್: ಹಳೇ ಆಫ್‌ಶೋರ್ ಬೋಟಿನ ಬೆನ್ನು ಇನ್ನೂ ಗಟ್ಟಿಯಿದೆಯೇ?

ಎಂಬತ್ತರ ದಶಕದ, ತೆರೆದ ಸಮುದ್ರದಲ್ಲಿ ವೇಗವಾಗಿ ಓಡುವ ಆಫ್‌ಶೋರ್ ಬೋಟುಗಳು ಅಮೆರಿಕದ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಈಗಲೂ ಓಡಾಡುತ್ತಿವೆ. ಮೂವತ್ತರಿಂದ ಮೂವತ್ತೆಂಟು ಅಡಿ ಉದ್ದ, ಈಟಿಯಂಥ ಮೂತಿ, ಹಿಂಭಾಗದಲ್ಲಿ ಎರಡು ದೊಡ್ಡ ವಿ8 ಎಂಜಿನ್. ಮಾರುವವರು ಹಾಕುವ ಫೋಟೊಗಳೆಲ್ಲ ಮೂತಿಯ ಕಡೆಯಿಂದಲೇ ತೆಗೆದವು. ಕೊಳ್ಳುವವರು ನೋಡಬೇಕಾದ್ದು ಬೆನ್ನಿನ ಕಡೆ. ಹೊರಗೆ ಥಳಕು ಒಳಗೆ ಹುಳುಕು ಎನ್ನುವ ಮಾತು ಈ ಬೋಟುಗಳಿಗೆಂದೇ ಹುಟ್ಟಿದಂತಿದೆ.

ಆ ಕಾಲದ ಸಿಗರೆಟ್, ಸ್ಕ್ಯಾರಬ್, ಫಾರ್ಮುಲಾ ಬೋಟುಗಳ ವಿವರದಲ್ಲಿ 'ಟಿಆರ್‌ಎಸ್' ಎಂಬ ಮೂರಕ್ಷರ ಆಗಾಗ ಕಾಣುತ್ತದೆ. ಅದು ಮರ್ಕ್ರೂಸರ್ ಕಂಪನಿಯ ಒಂದು ಸ್ಟರ್ನ್‌ಡ್ರೈವಿನ ಹೆಸರು, ಅಂದರೆ ಒಳಗಿನ ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಒಯ್ಯಲು ಬೋಟಿನ ಬೆನ್ನಿಗೆ ಹೊರಗಿನಿಂದ ತಗುಲಿಸುವ ಡ್ರೈವ್. ಅದನ್ನು ಕಂಡೊಡನೆ ಕೆಲವರು ಓಡಿಹೋಗುತ್ತಾರೆ, ಕೆಲವರು ಅದನ್ನೇ ತೋರಿಸಿ ಅರ್ಧ ಬೆಲೆಗೆ ಕೇಳುತ್ತಾರೆ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಕಂಪನಿ ಕೊಟ್ಟ 330, 370 ಅಶ್ವಶಕ್ತಿಯ ಎಂಜಿನ್ ಹಾಗೆಯೇ ಇದ್ದು, ಗಂಟೆಗೆ 60-70 ಮೈಲಿ ಓಡಿದರೆ ಸಾಕು ಎನ್ನುವವರು ಟಿಆರ್‌ಎಸ್ ಕಿತ್ತು ಹಾಕುವ ಅಗತ್ಯವೇ ಇಲ್ಲ. ಎಂಜಿನ್ನಿಗೆ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರ್ ಕೂರಿಸುವ ಆಸೆ ಇದ್ದರೆ ಈ ಡ್ರೈವ್ ಇರುವ ಬೋಟಿಗೆ ಕೈ ಹಾಕಬೇಡಿ.

ಈ ಡ್ರೈವ್ ಯಾಕೆ ಬಂತು ಎಂದು ತಿಳಿದರೆ ಅದರ ಬಲವೂ ಮಿತಿಯೂ ತಾನಾಗಿ ಅರ್ಥವಾಗುತ್ತದೆ. ಅಲೆಯನ್ನು ಸೀಳುವ ಡೀಪ್-ವಿ ತಳ 1960ರಲ್ಲೇ ಗೆದ್ದಿತ್ತು. ರೇ ಹಂಟ್ ಗೆರೆ ಎಳೆದ 'ಮಾಪಿ' ಬೋಟನ್ನು ಡಿಕ್ ಬರ್ಟ್ರಮ್ ಆ ವರ್ಷ ಮಯಾಮಿ-ನಸ್ಸಾವ್ ರೇಸಿನಲ್ಲಿ ಒರಟು ಸಮುದ್ರದ ನಡುವೆ ಮೊದಲಿಗನಾಗಿ ದಡ ಸೇರಿಸಿದ. ಆಮೇಲೆ ಡಾನ್ ಆರೋನೋ ಬಂದ. ಫಾರ್ಮುಲಾ, ಡಾಂಝಿ, ಮ್ಯಾಗ್ನಮ್, ಸಿಗರೆಟ್ ಎಂದು ಒಂದಾದ ಮೇಲೊಂದು ಕಂಪನಿ ಕಟ್ಟುವುದು, ಮಾರುವುದು, ಪಕ್ಕದಲ್ಲೇ ಇನ್ನೊಂದು ಶುರುಮಾಡುವುದು ಅವನ ವರಸೆ. ಉತ್ತರ ಮಯಾಮಿಯ 188ನೇ ಬೀದಿಗೆ 'ಥಂಡರ್‌ಬೋಟ್ ರೋ' ಎಂಬ ಹೆಸರು ಬಿದ್ದದ್ದು ಹಾಗೆ. 1987ರ ಫೆಬ್ರುವರಿಯಲ್ಲಿ ಅದೇ ಬೀದಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ತಳ ಸಿಕ್ಕಿತ್ತು, ಷೆವರ್ಲೆ 454 ಬಿಗ್‌ಬ್ಲಾಕ್‌ನಂಥ ಎಂಜಿನ್ ಸಲೀಸಾಗಿ ಸಿಗುತ್ತಿತ್ತು. ಬಿಗಿಯಾಗಬೇಕಿದ್ದದ್ದು ಇವೆರಡರ ನಡುವಿನ ಕೊಂಡಿ.

ಮಲ್ಪೆಯ ಟ್ರಾಲ್‌ಬೋಟಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ನೆಟ್ಟಗಿನ ಶಾಫ್ಟ್, ಪ್ರೊಪೆಲ್ಲರ್, ಅಷ್ಟೇ. ಸ್ಟರ್ನ್‌ಡ್ರೈವಿನಲ್ಲಿ ಶಕ್ತಿ ಹಿಂಬದಿಯ ಗೋಡೆಯನ್ನು, ಅಂದರೆ ಟ್ರಾನ್ಸಮ್ಮನ್ನು ದಾಟಿ ಹೊರಬಂದು, ಒಂದು ಜೊತೆ ಗೇರಿನ ಮೂಲಕ ಕೆಳಕ್ಕೆ ತಿರುಗಿ, ಇನ್ನೊಂದು ಜೊತೆಯ ಮೂಲಕ ಹಿಂದಕ್ಕೆ ತಿರುಗಬೇಕು. ಎರಡು ಲಂಬಕೋನ. ಜತೆಗೆ ಇಡೀ ಡ್ರೈವ್ ಎಡಬಲಕ್ಕೆ ಹೊರಳಬೇಕು, ಮೇಲೆ ಕೆಳಗೆ ಬಾಗಬೇಕು. ವೋಲ್ವೊ ಅಕ್ವಾಮ್ಯಾಟಿಕ್ 1959ರಲ್ಲಿ, ಮರ್ಕ್ರೂಸರ್ 1961ರಲ್ಲಿ ಮಾರುಕಟ್ಟೆಗೆ ಬಂದಾಗ ಇದೆಲ್ಲ ಸಂಸಾರಸ್ಥರು ಕೆರೆಯಲ್ಲಿ ಸುತ್ತಾಡುವ ಬೋಟಿಗೆ ಸಾಕಾಗಿತ್ತು. ಗೇರ್ ಬದಲಿಸುವ ವ್ಯವಸ್ಥೆಯೂ ಡ್ರೈವಿನ ಹೊಟ್ಟೆಯಲ್ಲೇ ಇರುತ್ತಿತ್ತು. ಮರ್ಕ್ರೂಸರಿನ ಇವತ್ತಿನ ಆಲ್ಫಾ ಡ್ರೈವಿನಲ್ಲೂ ಹಾಗೆಯೇ: ಕೆಳಗಿನ ಗೇರ್‌ಕೇಸಿನಲ್ಲಿ ಹಲ್ಲಿನ ಕ್ಲಚ್ ಇದೆ. ಗೇರ್ ಬಿಡಿಸುವಾಗ ಹಲ್ಲಿನ ಮೇಲಿನ ಭಾರ ಇಳಿಯಲೆಂದು ಒಂದು ಸ್ವಿಚ್ ಕ್ಷಣಕಾಲ ಎಂಜಿನ್ನಿನ ಕಿಡಿಯನ್ನೇ ಕಡಿಯುತ್ತದೆ. 330 ಕುದುರೆಯ ಬಿಗ್‌ಬ್ಲಾಕಿಗೆ ಇದನ್ನು ಕಟ್ಟಿದರೆ ಹಲ್ಲು ಉದುರದೆ ಇನ್ನೇನು.

ಟಿಆರ್‌ಎಸ್‌ನವರು ಮಾಡಿದ ಬುದ್ಧಿವಂತಿಕೆ ಎಂದರೆ ಗೇರ್ ಬದಲಿಸುವ ಕೆಲಸವನ್ನೇ ಡ್ರೈವಿನಿಂದ ಹೊರಗೆ ತಂದದ್ದು. ಎಂಜಿನ್ನಿನ ಹಿಂದೆ, ಬೋಟಿನ ಒಳಗೆ, ಬೋರ್ಗ್ ವಾರ್ನರ್ ಕಂಪನಿಯ ವೆಲ್ವೆಟ್ ಡ್ರೈವ್ ಎಂಬ ಹೈಡ್ರಾಲಿಕ್ ಗೇರ್‌ಬಾಕ್ಸ್ ಕೂತಿದೆ. ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ ಎಲ್ಲವೂ ಅದರೊಳಗಿನ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ತಟ್ಟೆಗಳ ಕೆಲಸ. ಹೊರಗಿನ ಡ್ರೈವಿನಲ್ಲಿ ಸದಾ ಹಲ್ಲಿಗೆ ಹಲ್ಲು ಕೂತೇ ಇರುವ ಗೇರು ಮಾತ್ರ. ಶಿಫ್ಟ್ ಕೇಬಲ್ ನೀರಿಗಿಳಿಯುವುದಿಲ್ಲ, ಅದಕ್ಕೆ ನೀರು ತಾಗದಂತೆ ಹೊದಿಸುವ ಮಡಿಕೆಯ ರಬ್ಬರ್ ಕೊಳವೆ, ಅಂದರೆ ಬೆಲ್ಲೋಸ್ ಹರಿಯುವ ಪ್ರಶ್ನೆ ಇಲ್ಲ. ಜೆಟ್ಟಿಗೆ ಹತ್ತಿಸುವಾಗ ಒಂದು ಎಂಜಿನ್ ಮುಂದಕ್ಕೆ, ಒಂದು ಹಿಂದಕ್ಕೆ ಹಾಕಿ ಇದ್ದಲ್ಲೇ ಬೋಟು ತಿರುಗಿಸುವವರಿಗೆ ಈ ಮೆತ್ತನೆಯ ಶಿಫ್ಟ್ ಎಷ್ಟು ಸುಖ ಎಂದು ಗೊತ್ತು. ಇನ್ನೊಂದು ಲಾಭವೂ ಇದೆ. ವೆಲ್ವೆಟ್ ಡ್ರೈವನ್ನು ಮಾಮೂಲಿ ಇನ್‌ಬೋರ್ಡ್ ಬೋಟುಗಳಿಗೂ ಲೆಕ್ಕವಿಲ್ಲದಷ್ಟು ಹಾಕಿದ್ದಾರೆ, ಹಾಗಾಗಿ ಅದರ ಸೀಲು, ಕ್ಲಚ್ ತಟ್ಟೆ, ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್ ಎಲ್ಲವೂ ಸಿಗುತ್ತವೆ. ಹೊರಗಿನ ಡ್ರೈವಿನ ಕಥೆ ಹಾಗಲ್ಲ. ಕಂಪನಿ ಅದನ್ನು ನಿಲ್ಲಿಸಿ ದಶಕಗಳಾದವು, ಗೇರು ಮತ್ತು ಹೊರಕವಚಕ್ಕೆ ಹಳೇ ಡ್ರೈವ್ ಬಿಚ್ಚಿ ಮಾರುವ ಅಂಗಡಿಗಳೇ ಗತಿ. ಬಿಡಿ ಡ್ರೈವ್ ಕೊಳ್ಳುವಾಗ ಎಡಕ್ಕೆ ತಿರುಗುವುದೋ ಬಲಕ್ಕೋ, ಗೇರ್ ಅನುಪಾತ ಎಷ್ಟು ಎಂದು ಕೇಳದೆ ದುಡ್ಡು ಕೊಡಬೇಡಿ.

ಇನ್ನು ಪರೀಕ್ಷೆ. ಬೋಟು ನೀರಿನಿಂದ ಹೊರಗೆ, ಟ್ರೈಲರ್ ಮೇಲೆ ಇರುವಾಗಲೇ ಬಹುಪಾಲು ಗೊತ್ತಾಗುತ್ತದೆ.

ಮೊದಲು ಡ್ರೈವಿನ ಕೆಳತುದಿಯ ರೆಕ್ಕೆ ಹಿಡಿದು ಎಡಬಲ ಅಲ್ಲಾಡಿಸಿ. ಸ್ಟೀರಿಂಗ್ ತಿರುಗದೆ ಡ್ರೈವ್ ಮಾತ್ರ 'ಟಕ್ ಟಕ್' ಎಂದು ಆಡಿದರೆ ಡ್ರೈವನ್ನು ಹೊತ್ತು ಎಡಬಲ ಹೊರಳಿಸುವ ಗಿಂಬಲ್ ರಿಂಗಿನ ಸ್ವಿವೆಲ್ ಪಿನ್ನೋ ಬುಷ್ಷೋ ಸವೆದಿದೆ. 40 ಮೈಲಿ ವೇಗದಲ್ಲಿ ಇದು ತಲೆನೋವು, 70ರಲ್ಲಿ ಅಪಾಯ. ಎರಡು ಡ್ರೈವ್ ಇರುವ ಬೋಟಿನಲ್ಲಿ ಅವೆರಡನ್ನೂ ಹೊರಗಿನಿಂದ ಬಿಗಿಯುವ ಟೈಬಾರ್ ಮತ್ತು ಹೈಡ್ರಾಲಿಕ್ ಸ್ಟೀರಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಅದರ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಆಮೇಲೆ ಪ್ರೊಪೆಲ್ಲರ್ ಬಿಚ್ಚಿ. ಥ್ರಸ್ಟ್ ವಾಷರ್ ಹಿಂದೆ ಗಾಳದ ನೈಲಾನ್ ದಾರ ಸುತ್ತಿಕೊಂಡಿರುವುದು ತೀರಾ ಸಾಮಾನ್ಯ. ಆ ದಾರವೇ ಸೀಲನ್ನು ಕೊಯ್ದು ನೀರನ್ನು ಗೇರ್‌ಕೇಸಿನೊಳಗೆ ಬಿಡುತ್ತದೆ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ತುದಿ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಓಲಾಡಿದರೆ ಶಾಫ್ಟ್ ಬಾಗಿದೆ, ಹೊಸ ಸೀಲು ಹಾಕಿದರೂ ಒಂದು ಸೀಸನ್ ಬಾಳುವುದಿಲ್ಲ.

ಎಣ್ಣೆ ಇಳಿಸುವುದಕ್ಕೆ ಮಾರುವವರು ಒಪ್ಪದಿದ್ದರೆ ಅಲ್ಲೇ ನಮಸ್ಕಾರ ಹೇಳಿ ಬನ್ನಿ. ಕೆಳಗಿನ ತಿರುಪು ಬಿಚ್ಚಿದಾಗ ಮೊದಲು ಬರುವ ನಾಲ್ಕು ಹನಿ ಅಂಗೈ ಮೇಲೆ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಸೀಲು ಹೋಗಿದೆ. ಅಯಸ್ಕಾಂತದ ತಿರುಪಿನ ತುದಿಗೆ ಕಾಡಿಗೆಯಂಥ ನಯವಾದ ಮಡ್ಡಿ ಅಂಟಿದ್ದರೆ ಚಿಂತೆ ಬೇಡ, ಗೇರು ತಿರುಗಿದರೆ ಅಷ್ಟು ಸವೆತ ಇದ್ದದ್ದೇ. ಬೆರಳಿಗೆ ಚುಚ್ಚುವ ಸಿಬುರು, ಚೂರು ಸಿಕ್ಕರೆ ಹಲ್ಲು ಮುರಿದಿದೆ ಎಂದೇ ಲೆಕ್ಕ. ಖಾಲಿ ಡ್ರೈವಿಗೆ 10 ಪಿಎಸ್ಐ ಗಾಳಿ ತುಂಬಿ, ಶಾಫ್ಟ್ ನಿಧಾನ ತಿರುಗಿಸುತ್ತ ಐದು ನಿಮಿಷ ಗೇಜು ನೋಡಿ. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಸೋರಿಕೆ. ಮತ್ತೆ ಎಣ್ಣೆ ತುಂಬುವಾಗ ಕೆಳಗಿನ ತೂತಿನಿಂದಲೇ ಪಂಪ್ ಮಾಡಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಬರುವ ತನಕ. ಮೊದಲು ಮೇಲಿನ ತಿರುಪು ಮುಚ್ಚಿ, ಆಮೇಲೆ ಪಂಪ್ ತೆಗೆದು ಕೆಳಗಿನದು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಂಡು ಮೇಲಿನ ಗೇರು ಒಣಗುತ್ತದೆ. ತಿರುಪಿನ ವಾಷರ್ ಪ್ರತಿ ಸಲ ಹೊಸದೇ ಆಗಬೇಕು.

ಬೆಲ್ಲೋಸನ್ನು ಟಾರ್ಚ್ ಹಿಡಿದು ಮಡಿಕೆ ಮಡಿಕೆ ನೋಡಿ. ಡ್ರೈವನ್ನು ಮೇಲೆತ್ತಿಯೇ ವರ್ಷಗಟ್ಟಲೆ ನಿಲ್ಲಿಸಿದ ಬೋಟಿನಲ್ಲಿ ರಬ್ಬರ್ ಮಡಿಕೆಯ ಗುರುತಿನಲ್ಲೇ ಸೀಳಿರುತ್ತದೆ. ನಿಲ್ಲಿಸುವಾಗ ಡ್ರೈವ್ ಕೆಳಗಿರಬೇಕು ಎನ್ನುವುದು ಅದಕ್ಕೇ. ಡ್ರೈವ್ ಬಾಗಿದರೂ ಶಕ್ತಿ ದಾಟಿಸುವ ಕೀಲು, ಅಂದರೆ ಯು-ಜಾಯಿಂಟಿನ ಬೆಲ್ಲೋಸ್ ಹರಿದರೆ ನೀರು ಮೊದಲು ಆ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗಿಗೆ, ಆಮೇಲೆ ಬೋಟಿನ ಒಳಕ್ಕೆ. ಕಟ್ಟಿಹಾಕಿದ ಬೋಟು ರಾತ್ರಿ ಬೆಳಗಾಗುವುದರೊಳಗೆ ಮುಳುಗುವುದಕ್ಕೆ ಇಷ್ಟು ಸಾಕು.

ಸದ್ದು ಕೇಳುವುದರಲ್ಲಿ ಟಿಆರ್‌ಎಸ್‌ಗೆ ಬೇರೆಯದೇ ಲೆಕ್ಕವಿದೆ, ಇದರ ಪರಿಚಯವಿಲ್ಲದ ಮೆಕ್ಯಾನಿಕ್‌ಗಳು ಎಡವುವುದು ಇಲ್ಲೇ. ಮರ್ಕ್ರೂಸರಿನ ಬೇರೆ ಡ್ರೈವುಗಳಾದ ಆಲ್ಫಾ, ಬ್ರಾವೊಗಳಲ್ಲಿ ಎಂಜಿನ್ ಓಡುತ್ತಿದ್ದರೆ ನ್ಯೂಟ್ರಲಿನಲ್ಲೂ ಯು-ಜಾಯಿಂಟ್ ಶಾಫ್ಟ್ ತಿರುಗುತ್ತಿರುತ್ತದೆ, ಗಿಂಬಲ್ ಬೇರಿಂಗ್ ಕೆಟ್ಟಿದ್ದರೆ ಆಗಲೇ ಗೊರಗುಟ್ಟುತ್ತದೆ. ಟಿಆರ್‌ಎಸ್‌ನಲ್ಲಿ ನ್ಯೂಟ್ರಲ್ ಎಂದರೆ ಶಾಫ್ಟಿಗೆ ಎಂಜಿನ್ನಿನ ಎಳೆತವೇ ಇಲ್ಲ. ಹಾಗಾಗಿ ನ್ಯೂಟ್ರಲಿನಲ್ಲಿ ಡಬ್ಬಿಯೊಳಗೆ ಮೊಳೆ ಅಲ್ಲಾಡಿಸಿದಂತೆ ಸದ್ದು ಬಂದರೆ ಅನುಮಾನ ಮೊದಲು ಹೋಗಬೇಕಾದ್ದು ಫ್ಲೈವೀಲಿಗೂ ಗೇರ್‌ಬಾಕ್ಸಿಗೂ ನಡುವಿನ ಡ್ಯಾಂಪರ್ ತಟ್ಟೆಯ ಕಡೆಗೆ. ಅದರ ಸ್ಪ್ರಿಂಗು ಸಡಿಲವಾಗಿರುತ್ತವೆ. ಗೇರಿನಲ್ಲಿ ಮಾತ್ರ, ಅದೂ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿದಾಗ ಗೊರಗುಟ್ಟಿದರೆ ಗಿಂಬಲ್ ಬೇರಿಂಗ್ ಅಥವಾ ಯು-ಜಾಯಿಂಟ್. ಇದು ಗೊತ್ತಿಲ್ಲದೆ ಡ್ಯಾಂಪರ್ ಸದ್ದಿಗೆ ಬೇರಿಂಗ್ ಬದಲಿಸಿ ಬಿಲ್ ಹರಿದ ಪ್ರಸಂಗಗಳಿಗೆ ಕಡಿಮೆಯಿಲ್ಲ.

ಡ್ರೈವ್ ಹೇಗೂ ಬಿಚ್ಚಿದ ಮೇಲೆ ಎಂಜಿನ್ನೂ ಡ್ರೈವೂ ಒಂದೇ ಸಾಲಿನಲ್ಲಿವೆಯೇ ಎಂದು ಅಳೆಯುವ ಅಲೈನ್‌ಮೆಂಟ್ ಬಾರನ್ನು ಗಿಂಬಲ್ ಬೇರಿಂಗಿನ ಮೂಲಕ ತೂರಿಸಿ ನೋಡಿ. ಎರಡು ಬೆರಳಿನಲ್ಲಿ ತಳ್ಳಿದರೆ ಜಾರಿ ಒಳಹೋಗಬೇಕು. ಬಾರಿಗೆ ಗ್ರೀಸ್ ಹಚ್ಚಿ ಹೊರತೆಗೆದಾಗ ಹಲ್ಲಿನ ಗುರುತು ಸುತ್ತಲೂ ಒಂದೇ ಸಮ ಬಿದ್ದಿರಬೇಕು. ಕೆಳಗೋ ಮೇಲೋ ಮಾತ್ರ ಬಿದ್ದಿದ್ದರೆ ಎಂಜಿನ್ ಮುಂಬದಿಯ ಮೌಂಟ್ ಏರಿಸಿ ಇಳಿಸಿ ಸರಿಮಾಡಬೇಕು. ಎಷ್ಟು ಏರಿಸಿದರೂ ಒಂದು ತಿಂಗಳಲ್ಲಿ ಮತ್ತೆ ತಪ್ಪಿದರೆ ತೊಂದರೆ ಮೌಂಟಿನದ್ದಲ್ಲ, ಅದರ ಕೆಳಗಿನ ಮರ ಕೊಳೆತಿದೆ.

ಮರದ ಮಾತು ಬಂತು. ಆ ಕಾಲದ ಬಹಳಷ್ಟು ಟ್ರಾನ್ಸಮ್ಮುಗಳ ಒಳಗೆ ಪ್ಲೈವುಡ್ ಇದೆ, ಎರಡೂ ಕಡೆ ಫೈಬರ್‌ಗ್ಲಾಸ್. ಮರ್ಕ್ರೂಸರ್ ಕೇಳುವ ದಪ್ಪ 2ರಿಂದ 2¼ ಇಂಚು. ಡ್ರೈವಿನ ತೂತಿನ ಅಂಚಿನಲ್ಲಿ ಸೀಲು ಹೋಗಿ ನೀರು ಮರಕ್ಕೆ ಇಳಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟುತ್ತ ಬನ್ನಿ: ಗಟ್ಟಿ ಮರ 'ಟಣ್' ಎನ್ನುತ್ತದೆ, ಕೊಳೆತದ್ದು ಮಾಗಿದ ಹಲಸಿನ ಹಣ್ಣಿಗೆ ತಟ್ಟಿದ ಹಾಗೆ 'ದಬ್' ಎನ್ನುತ್ತದೆ. ಒಬ್ಬರು ಡ್ರೈವಿನ ಮೇಲೆ ನಿಂತು ಮೆಲ್ಲಗೆ ಕುಣಿದರೆ, ಇನ್ನೊಬ್ಬರು ಒಳಗಿನಿಂದ ಟ್ರಾನ್ಸಂ ಮಿಡಿಯುತ್ತದೆಯೇ ನೋಡಬಹುದು. ಮಿಡಿದರೆ ಬೋಟು ಬಿಟ್ಟುಬಿಡಿ. ಆ ರಿಪೇರಿ ಮೂಗಿಗಿಂತ ಮೂಗುತಿ ಭಾರ.

ವೆಲ್ವೆಟ್ ಡ್ರೈವನ್ನು ಕೊಲ್ಲುವ ಎರಡು ಕಾರಣಗಳೂ ಅಗ್ಗದವು. ಒಂದು, ಶಿಫ್ಟ್ ಕೇಬಲ್ ಹೊಂದಾಣಿಕೆ. ಗೇರ್‌ಬಾಕ್ಸಿನ ಪಕ್ಕದ ಲಿವರ್ ಮುಂದಕ್ಕೂ ಹಿಂದಕ್ಕೂ 'ಕಟ್' ಎಂದು ತನ್ನ ಗುಳಿಯಲ್ಲಿ ಪೂರ್ತಿ ಕೂರಬೇಕು. ಕೇಬಲ್ ಹಿಗ್ಗಿ ಅರ್ಧ ದಾರಿಯಲ್ಲೇ ನಿಂತರೆ ಎಣ್ಣೆಯ ಒತ್ತಡ ಪೂರ್ತಿ ಸಿಗದೆ ಕ್ಲಚ್ ತಟ್ಟೆಗಳು ಜಾರುತ್ತ ಸುಡುತ್ತವೆ. ಕೇಬಲ್ ಕಳಚಿ ಲಿವರನ್ನು ಕೈಯಲ್ಲೇ ಗುಳಿಗೆ ಕೂರಿಸಿ, ಕೇಬಲಿನ ತುದಿ ಎಳೆಯದೆ ತಳ್ಳದೆ ಆ ಪಿನ್ನಿಗೆ ಬರುವಂತೆ ಹೊಂದಿಸಿದರೆ ಕೆಲಸ ಮುಗಿಯಿತು. ಹತ್ತು ನಿಮಿಷದ ಕೆಲಸ. ಎರಡು, ಆಯಿಲ್ ಕೂಲರ್. ಉಪ್ಪುನೀರು ಅದನ್ನು ಒಳಗಿನಿಂದ ತಿಂದು ಎಣ್ಣೆಗೆ ಬೆರೆತರೆ ಡಿಪ್‌ಸ್ಟಿಕ್ ಮೇಲೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಕಾಣುತ್ತದೆ. ಎಣ್ಣೆಯ ಮಟ್ಟ ನೋಡಬೇಕಾದ್ದು ಬಿಸಿಯಾಗಿ ಓಡಿಸಿ ಎಂಜಿನ್ ಆರಿಸಿದ ತಕ್ಷಣ. ಬೆಳಿಗ್ಗೆ ತಣ್ಣಗಿರುವಾಗ ನೋಡಿದರೆ ಕೂಲರಿನ ಎಣ್ಣೆಯೂ ವಾಪಸು ಇಳಿದು ಮಟ್ಟ ಜಾಸ್ತಿಯೇ ತೋರಿಸಿ ಮೋಸ ಮಾಡುತ್ತದೆ.

ನೀರಿನ ಮೇಲೆ ಒಂದು ಲೆಕ್ಕ ಮಾಡಿ. ಎಂಜಿನ್ನಿನ ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ, ಪ್ರೊಪೆಲ್ಲರಿನ ಇಂಚಿನ ಪಿಚ್‌ನಿಂದ (ಜಾರದಿದ್ದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಗುಣಿಸಿ, 1056ರಿಂದ ಭಾಗಿಸಿದರೆ ಜಾರುವಿಕೆಯೇ ಇಲ್ಲದಾಗಿನ ಮೈಲಿ ವೇಗ ಬರುತ್ತದೆ. 4800 ಆರ್‌ಪಿಎಂ, 1.5 ಅನುಪಾತ, 24 ಪಿಚ್ ಎಂದಿಟ್ಟುಕೊಳ್ಳಿ: 72.7 ಮೈಲಿ. ಜಿಪಿಎಸ್ 64 ತೋರಿಸಿದರೆ ಜಾರುವಿಕೆ ಶೇ 12, ಡೀಪ್-ವಿ ಬೋಟಿಗೆ ಸರಿಯಾಗಿದೆ. 58 ತೋರಿಸಿದರೆ ಶೇ 20. ಆಗ ಪ್ರೊಪೆಲ್ಲರಿನ ರಬ್ಬರ್ ಹಬ್ ಜಾರುತ್ತಿರಬೇಕು, ಎಲೆ ಬಾಗಿರಬೇಕು, ಇಲ್ಲವೇ ವೆಲ್ವೆಟ್ ಡ್ರೈವಿನ ಕ್ಲಚ್ ಹೋಗಿರಬೇಕು. ಎರಡು ಎಂಜಿನ್ನಿನ ಬೋಟಿನಲ್ಲಿ ಒಂದೇ ವೇಗದಲ್ಲಿ ಎರಡು ಟ್ಯಾಕೊಮೀಟರ್ ಬೇರೆ ಬೇರೆ ಆರ್‌ಪಿಎಂ ತೋರಿಸಿದರೆ ತಪ್ಪಿತಸ್ಥ ಯಾರೆಂದು ಕೂಡಲೇ ಗೊತ್ತಾಗುತ್ತದೆ. ಆದರೆ ಮೊದಲು ಟ್ಯಾಕೊಮೀಟರೇ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ, ನಲವತ್ತು ವರ್ಷದ ಸಾಮಾನು.

'ಟಿಆರ್‌ಎಸ್ ತೆಗೆದು ಬ್ರಾವೊ ಹಾಕಿದರಾಯಿತು' ಎನ್ನುವವರು ಬಹಳ. ಬ್ರಾವೊ ಒಳ್ಳೆಯದೇ. ಮೇಲಿನ ಭಾಗದಲ್ಲಿರುವ ಕೋನ್ ಕ್ಲಚ್‌ನಿಂದಾಗಿ ಅದೇ ಡ್ರೈವ್ ಶಿಫ್ಟ್ ಕೇಬಲ್ ಬದಲಿಸಿದರೆ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ತೂಕವೂ ಕಡಿಮೆ. ಆದರೆ ಗೇರ್‌ಬಾಕ್ಸ್ ತೆಗೆದರೆ ಎಂಜಿನ್ನನ್ನು ಹಿಂದಕ್ಕೆ ಸರಿಸಬೇಕು, ಮೌಂಟಿನ ಜಾಗ ಬದಲಾಗಬೇಕು, ಭಾರ ಹಿಂದಕ್ಕೆ ಹೋದದ್ದರಿಂದ ಬೋಟು ಪ್ಲೇನಿಂಗಿಗೆ, ಅಂದರೆ ನೀರಿನ ಮೇಲಕ್ಕೆದ್ದು ಜಾರುವುದಕ್ಕೆ ಏಳುವ ರೀತಿಯೇ ಬೇರೆಯಾಗುತ್ತದೆ. ಟ್ರಾನ್ಸಮ್ಮಿನ ತೂತೂ ಬೇರೆ, ಹಳೆಯದನ್ನು ಮುಚ್ಚಿ ಫೈಬರ್ ಕಟ್ಟಿ ಹೊಸದಾಗಿ ಕೊರೆಯಬೇಕು ಇಲ್ಲವೇ ಅಡಾಪ್ಟರ್ ತಟ್ಟೆ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೂ ಬ್ರಾವೊದ ಮೇಲಿನ ಗೇರು ಅಲೆ ಹಾರುವ ಬೋಟಿನಲ್ಲಿ ಮುರಿಯುವುದು ಹೊಸದೇನಲ್ಲ. ಟ್ರಾನ್ಸಂ ಹೇಗೂ ಕೊಳೆತು ಹೊಸದು ಕಟ್ಟಿಸುತ್ತಿದ್ದರೆ ಬ್ರಾವೊ ಹಾಕಿ. ಗಟ್ಟಿ ಟ್ರಾನ್ಸಂ ಒಡೆದು ಹಾಕುವುದು ದುಡ್ಡಿನ ಮದ.

ಲಂಬಕೋನದ ಗೇರೇ ಬೇಡ ಎಂದು ಹೊರಟವನು ಹೊವರ್ಡ್ ಆರ್ನೆಸನ್. ಈಜುಕೊಳ ತೊಳೆಯುವ ಯಂತ್ರದಿಂದ ಹೆಸರಾದ ಕ್ಯಾಲಿಫೋರ್ನಿಯಾದವನು. ಅವನ ಸರ್ಫೇಸ್ ಡ್ರೈವಿನಲ್ಲಿ ಶಾಫ್ಟ್ ಒಂದು ಗುಂಡು ಕೀಲಿನ ಮೂಲಕ ನೇರ ಹಿಂದಕ್ಕೆ ಹೋಗುತ್ತದೆ, ಒಂದು ಹೈಡ್ರಾಲಿಕ್ ಸಿಲಿಂಡರ್ ಅದನ್ನು ಎಡಬಲ ತಿರುಗಿಸುತ್ತದೆ, ಇನ್ನೊಂದು ಮೇಲೆ ಕೆಳಗೆ ಆಡಿಸುತ್ತದೆ. ಲಂಬಕೋನದ ಗೇರಿಲ್ಲ, ನೀರಿನಲ್ಲಿ ಎಳೆದಾಡುವ ಗೇರ್‌ಕೇಸಿಲ್ಲ. ಪ್ರೊಪೆಲ್ಲರಿನ ಅರ್ಧ ನೀರಿನೊಳಗೆ, ಅರ್ಧ ಹೊರಗೆ. ದೊಡ್ಡ ಶಕ್ತಿಗೆ ಇದಕ್ಕಿಂತ ಗಟ್ಟಿಯಾದದ್ದು ಕಷ್ಟ. ನಮ್ಮ ನೌಕಾಪಡೆ ಇಸ್ರೇಲಿನಿಂದ ತಂದ ಸೂಪರ್ ಡ್ವೋರಾ ಮಾರ್ಕ್ 2 ಮಾದರಿಯ ಗಸ್ತು ದೋಣಿಗಳಿಗೂ ಆರ್ನೆಸನ್ ಡ್ರೈವೇ ಇತ್ತು. ಆದರೆ ರಿವರ್ಸಿನಲ್ಲಿ ಅದು ಹೇಳಿದ ಮಾತು ಕೇಳುವುದಿಲ್ಲ, ನಿಧಾನ ವೇಗದಲ್ಲಿ ಕಿರಿಕಿರಿ, ಹಿಂದೆ ಅಷ್ಟುದ್ದ ಚಾಚಿಕೊಂಡ ಪ್ರೊಪೆಲ್ಲರಿನ ಹತ್ತಿರ ಈಜುವವರು ಸುಳಿಯಬಾರದು. ವಾರಾಂತ್ಯಕ್ಕೆ ಮನೆಮಂದಿಯನ್ನು ಕೂರಿಸಿಕೊಂಡು ಜೆಟ್ಟಿಯಿಂದ ಜೆಟ್ಟಿಗೆ ಹೋಗುವವರಿಗೆ ಹೇಳಿ ಮಾಡಿಸಿದ್ದಲ್ಲ.

ಟಿಆರ್‌ಎಸ್ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದರೆ ಅದರ ಆಯುಷ್ಯ ಇರುವುದು ಎಂಜಿನ್ನಿನ ವೇಗ ಏರಿಸಿ ಇಳಿಸುವ ಲಿವರ್, ಅಂದರೆ ಥ್ರಾಟಲ್ ಹಿಡಿದ ಬಲಗೈಯಲ್ಲಿ. ಬೋಟು ಅಲೆಯಿಂದ ಹಾರಿದಾಗ ಪ್ರೊಪೆಲ್ಲರಿಗೆ ನೀರಿನ ಭಾರ ತಪ್ಪಿ ಎಂಜಿನ್ ಕಿರುಚುತ್ತದೆ. ಆ ವೇಗದಲ್ಲೇ ಎಲೆಗಳು ಮತ್ತೆ ನೀರಿಗೆ ಬಿದ್ದರೆ ಇಡೀ ಪೆಟ್ಟು ಗೇರಿನ ಒಂದೆರಡು ಹಲ್ಲಿಗೆ. ರೇಸಿನಲ್ಲಿ ಸ್ಟೀರಿಂಗಿಗೆ ಒಬ್ಬ, ಥ್ರಾಟಲಿಗೇ ಇನ್ನೊಬ್ಬ ಇರುತ್ತಿದ್ದದ್ದು ಈ ಕಾರಣಕ್ಕೆ. ಹಾರುವ ಮುಂಚೆ ಇಳಿಸಬೇಕು, ನೀರು ಹಿಡಿದ ಮೇಲೆ ಏರಿಸಬೇಕು. ಒಬ್ಬರೇ ಓಡಿಸುವವರು ಅಲೆ ಮೂರಡಿ ದಾಟಿದರೆ ಹಾರಿಸುವ ಚಪಲ ಬಿಡಬೇಕು.

ಎಂಜಿನ್ನಿನ ಬಗ್ಗೆ ಎರಡೇ ಮಾತು. ಎಂಜಿನ್ನಿನ ಹೊಗೆಯನ್ನೂ ತಂಪು ಮಾಡಿದ ನೀರನ್ನೂ ಹೊರಗೊಯ್ಯುವ ಎಕ್ಸಾಸ್ಟ್ ರೈಸರ್ ಯಾವಾಗ ಬದಲಿಸಿದ್ದೆಂದು ರಸೀದಿ ಸಮೇತ ಕೇಳಿ. ಉಪ್ಪುನೀರಿನಲ್ಲಿ ಅವು ಒಳಗಿನಿಂದ ತುಕ್ಕು ಹಿಡಿದು ಸಿಲಿಂಡರಿಗೇ ನೀರು ಬಿಡುತ್ತವೆ. ಯಾರಾದರೂ ರೇಸಿನ ಕ್ಯಾಮ್‌ಶಾಫ್ಟ್ ಹಾಕಿಸಿದ್ದರೆ ಇನ್ನೂ ಎಚ್ಚರ, ಐಡ್ಲಿಂಗಿನಲ್ಲಿ ಎಕ್ಸಾಸ್ಟಿನ ನೀರನ್ನೇ ವಾಪಸು ಹೀರಿ ವಾಲ್ವ್ ಕೆಡಿಸುವ ಚಾಳಿ ಅವಕ್ಕಿದೆ. ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಗೂಡಿನ ಪೆಟ್ರೋಲ್ ಆವಿ ಹೊರಹಾಕುವ ಫ್ಯಾನ್, ಅಂದರೆ ಬ್ಲೋವರ್ ನಾಲ್ಕು ನಿಮಿಷ ಓಡಲಿ.

ಮಾರುವವರ ಹತ್ತಿರ ಕೊನೆಗೆ ಕೇಳಬೇಕಾದ್ದು: ಗಿಂಬಲ್ ಬೇರಿಂಗ್, ಬೆಲ್ಲೋಸ್ ಹಾಕಿದ ವರ್ಷ, ಡ್ಯಾಂಪರ್ ತಟ್ಟೆ ಎಂದಾದರೂ ಬದಲಾಗಿದೆಯೇ, ಬೋಟಿನ ಜತೆ ಬಿಡಿ ಡ್ರೈವ್ ಏನಾದರೂ ಬರುತ್ತದೆಯೇ. ಷೆಡ್ಡಿನ ಮೂಲೆಯಲ್ಲಿ ಟಾರ್ಪಾಲ್ ಹೊದ್ದ ಒಂದು ಹಳೇ ಟಿಆರ್‌ಎಸ್ ಇದ್ದರೆ, ಒಳಗಿನ ಗೇರು ಸರಿಯಿದೆಯೆಂದು ನೋಡಿಕೊಂಡು, ಬೋಟಿನ ಸ್ಟೀರಿಯೊ, ಹೊಸ ಸೀಟು ಎಲ್ಲ ಬಿಟ್ಟು ಅದನ್ನೇ ಕೇಳಿ.